‘ಆಗಲ್ಲ’ ಅನ್ನದ ದೊಡ್ಡಮ್ಮ

ದೊಡ್ಡಮ್ಮನ ಸೀರೆಗಳೆಲ್ಲ ಎಡಸೊಂಟದ ಹತ್ತಿರವೇ ಮೊದಲು ಸವೆಯುತ್ತಿದ್ದವು. ಸೆರಗು ಗಟ್ಟಿ, ಅಂಚು ಗಟ್ಟಿ, ಅದೊಂದು ಜಾಗ ಮಾತ್ರ ಬೆಳಕಿಗೆ ಹಿಡಿದರೆ ಜರಡಿ. ಮಗನನ್ನು ಎತ್ತಿ ಎತ್ತಿ ಹಾಗಾಗಿತ್ತು. ಮಗ ಅಂದರೆ ಕೂಸಲ್ಲ. ನಾನು ಮದುವೆಯಾಗಿ ಗುಬ್ಬಿಗೆ ಬಂದಾಗ ಅವನಿಗೆ ಆಗಲೇ ಹನ್ನೆರಡೋ ಹದಿಮೂರೋ. ಉದ್ದ ಕಾಲುಗಳು ಅವರ ಮೊಣಕಾಲಿನ ಕೆಳಗೆ ಜೋತಾಡುತ್ತಿದ್ದವು. ಬಚ್ಚಲಿಗೆ, ಜಗಲಿಗೆ, ಬಸ್ ಸ್ಟಾಂಡಿಗೆ, ಎಲ್ಲಿಗೆ ಹೋದರೂ ಸೊಂಟದ ಮೇಲೆ. ಆ ಭಾರಕ್ಕೆ ಬಲಕ್ಕೆ ವಾಲಿಕೊಂಡು ನಡೆಯುತ್ತಿದ್ದವರು, ಮಗ ಮೇಲಿಲ್ಲದಾಗಲೂ ಹಾಗೇ ವಾಲಿಕೊಂಡೇ ನಡೆಯುತ್ತಿದ್ದರು.

ಅವರು ನನಗೆ ರಕ್ತಸಂಬಂಧವೇನಲ್ಲ, ಪಕ್ಕದ ಮನೆಯವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತೋಟದವರು ಕೊಟ್ಟ ತೆಂಗಿನ ಗರಿ ಸೀಳಿ, ಕಡ್ಡಿ ತೆಗೆದು, ಪೊರಕೆ ಕಟ್ಟಿ ಸಂತೆಗೆ ಹಾಕುತ್ತಿದ್ದರು. ಮಗನಿಗೆ ಮೀಸೆ ಚಿಗುರಿದರೂ ಬೀದಿಗೆಲ್ಲ ಅವನು ಪುಟ್ಟನೇ. ಹುಟ್ಟಿದಾಗ ಬಹಳ ಹೊತ್ತು ಅಳಲೇ ಇಲ್ಲವಂತೆ. ಕೈಕಾಲು ಸೆಟೆದುಕೊಂಡಿರುತ್ತಿದ್ದವು, ಮಾತು ತೊದಲು, ಆಗಾಗ ಫಿಟ್ಸ್. ಆದರೂ ಅವನಿಗೊಂದು ಕೆಲಸವಿತ್ತು. ಅಮ್ಮ ಕೊಟ್ಟ ಕಡ್ಡಿ ಕಂತೆಯ ಬುಡವನ್ನು ಕಲ್ಲಿಗೆ ಕುಟ್ಟಿ ಸಮ ಮಾಡುವುದು. ಅರ್ಧ ಕಡ್ಡಿ ಚೆಲ್ಲಿ ಹೋಗೋವು. ದೊಡ್ಡಮ್ಮ ಆಯ್ದು ಮತ್ತೆ ಅವನ ಕೈಗೇ ಕೊಡುತ್ತಿದ್ದರು. ಕೊಳ್ಳುವವರಿಗೆ ಹೇಳುತ್ತಿದ್ದುದೋ, “ನಮ್ಮ ಯಜಮಾನ್ರು ಕಟ್ಟಿರೋ ಪೊರಕೆ ಕಣ್ರಮ್ಮ, ಚೌಕಾಸಿ ಮಾಡಿದ್ರೆ ಬೈತಾರೆ!” ಪುಟ್ಟ ಕೇಕೆ ಹಾಕಿ ನಗುತ್ತಿದ್ದ. ಆ ನಗುವಿಗೆ ನಮ್ಮ ಮನೆಯ ಗೋಡೆಯೂ ನಗುತ್ತಿತ್ತು ಅನ್ನಿಸೋದು ನನಗೆ.

ನಾನು ಬಂದ ಹೊಸತು. ಒಂದು ಮುಸ್ಸಂಜೆ ತಿಳಿಯದೆ ಕೇಳಿಬಿಟ್ಟೆ, “ಪಾಪ, ಇವನಿಗೆ ನಡೆಯೋಕೇ ಆಗಲ್ವಾ ದೊಡ್ಡಮ್ಮ?”

ಗರಿ ಸೀಳುತ್ತಿದ್ದ ಕೈಯನ್ನೇ ತಂದು ನನ್ನ ಬಾಯಿ ಮುಚ್ಚಿದರು. “ಆಗಲ್ಲ ಅನ್ಬೇಡ ಕಣೇ ಹುಡ್ಗಿ! ಮೇಲೆ ಅಸ್ತು ದೇವತೆಗಳು ತಿರುಗ್ತಿರ್ತಾರೆ. ನಾವು ಏನಂದ್ರೂ ಅಸ್ತು ಅಂತಾರೆ, ಹಂಗೇ ಆಗೋಗುತ್ತೆ. ‘ಇನ್ನೂ ನಡ್ದಿಲ್ಲ’ ಅನ್ನು.”

ಆ ಮನೆಯಲ್ಲಿ ಹಾಗೇ. ಇನ್ನೂ ನಡೆದಿಲ್ಲ, ಇನ್ನೂ ತಾನಾಗಿ ಉಂಡಿಲ್ಲ, ಇನ್ನೂ ಗುಂಡಿ ಹಾಕಿಕೊಂಡಿಲ್ಲ. ಎಲ್ಲವೂ ನಾಳೆಗೆ ಕಾದಿರುತ್ತಿತ್ತು. ಮನೆಗೆ ಯಾರೇ ಬಂದು “ಹೇಗಿದೀಯೋ” ಅಂದರೆ ಕೈ ಜೋಡಿಸಿ “ಚೆನ್ನಾಗಿದೀನಿ” ಅನ್ನಬೇಕು ಅಂತ ಪುಟ್ಟನಿಗೆ ಕಲಿಸಿದ್ದರು. ಆ ಎರಡು ಕೈ ಒಂದಕ್ಕೊಂದು ಸೇರುವುದಕ್ಕೆ ಅವನು ಪಡುತ್ತಿದ್ದ ಪಾಡು ನೋಡಿದರೆ ದೇವರಿಗೇ ನಾಚಿಕೆಯಾಗಬೇಕು.

ಆಮೇಲೆ ಸರ್ಕಾರದವರು ಅಂಗವಿಕಲರಿಗೆ ತಿಂಗಳು ತಿಂಗಳು ಪಿಂಚಣಿ ಕೊಡುತ್ತಾರೆ ಅನ್ನುವ ಸುದ್ದಿ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಬರೆದುಕೊಡಬೇಕು. ದೊಡ್ಡಮ್ಮ ಪುಟ್ಟನಿಗೆ ಎಣ್ಣೆ ನೀರು ಹಾಕಿ, ಬೈತಲೆ ತೆಗೆದು, ಹೊಸ ಅಂಗಿ ತೊಡಿಸಿದರು. ಜೊತೆಗೆ ನಾನೂ ಹೋದೆ.

ಡಾಕ್ಟರು, “ಏನಪ್ಪಾ, ಹೇಗಿದೀಯ?” ಅಂದರು. ಪುಟ್ಟ ಬೆಂಚಿನ ಮೇಲೆ ಕೂತೇ ಕೈ ಸೇರಿಸಿ, “ಚೆನ್ನಾಗಿದೀನಿ ಸ್ವಾಮಿ” ಅಂದ. ಅಷ್ಟು ಸ್ಪಷ್ಟವಾಗಿ ಅವನು ಅದಕ್ಕೆ ಮೊದಲು ಎಂದೂ ಅಂದಿರಲಿಲ್ಲ.

“ನಡೀತಾನೇನಮ್ಮ?”

“ಗೋಡೆ ಹಿಡ್ಕೊಂಡ್ರೆ ನಿಂತ್ಕೋತಾನೆ ಸ್ವಾಮಿ. ನಾಳೆ ನಾಡಿದ್ರಲ್ಲಿ ನಡೀತಾನೆ.”

“ಊಟ?”

“ಓ, ಎರಡು ಮುದ್ದೆ ಉಣ್ತಾನೆ!”

“ಫಿಟ್ಸ್ ಏನಾದ್ರೂ?”

“ಬರ್ತಿತ್ತು ಸ್ವಾಮಿ. ದೇವ್ರು ದೊಡ್ಡೋನು.”

ಹಿಂದಿನ ದಿನವಷ್ಟೇ ಬಂದು ನಾಲಿಗೆ ಕಚ್ಚಿಕೊಂಡಿದ್ದ. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ದೊಡ್ಡಮ್ಮ ನನ್ನ ಕಾಲು ತುಳಿದರು. ಹೊರಗೆ ಜನವೋ ಜನ. ಡಾಕ್ಟರು ಅವನನ್ನು ಮುಟ್ಟಿಯೂ ನೋಡದೆ ಬರೆದು ಮುಗಿಸಿ ಮುಂದಿನವರನ್ನು ಕರೆದರು.

ಅರ್ಜಿ ವಜಾ ಆಯಿತು. ತಾಲ್ಲೂಕು ಆಫೀಸಿನ ಗುಮಾಸ್ತ ನಕ್ಕ. “ಏನಮ್ಮಾ, ಪಿಂಚಣಿ ಕೇಳೋಕೆ ಹೋಗಿದ್ಯೋ, ಮಗನಿಗೆ ಹೆಣ್ಣು ಕೇಳೋಕೆ ಹೋಗಿದ್ಯೋ? ಇಷ್ಟು ಹೊಗಳಿದ್ರೆ ಯಾರು ಕೊಡ್ತಾರೆ?”

“ನೀವೇ ಒಂದು ಹೆಣ್ಣು ತೋರ್ಸಿ ಬುಡಿ ಸ್ವಾಮಿ, ಪಿಂಚಣಿ ಹಾಳಾಗೋಗ್ಲಿ,” ಅಂದು ದೊಡ್ಡಮ್ಮ ಮಗನನ್ನು ಎತ್ತಿಕೊಂಡು ಹೊರಟೇಬಿಟ್ಟರು. ಬಸ್ಸಿನಲ್ಲಿ ನಾನೆಷ್ಟು ಗೋಗರೆದರೂ ಒಂದೇ ಮಾತು. “ಹೆತ್ತ ಬಾಯಲ್ಲಿ ಹೆಂಗೇ ಅನ್ನಲಿ?”

ಹೀಗೇ ನಾಲ್ಕೈದು ವರ್ಷ ಪೊರಕೆಯಲ್ಲೇ ಸಾಗಿತು. ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಎದ್ದಿತು. ದೊಡ್ಡಾಸ್ಪತ್ರೆಯವರು ಕೈಬಿಟ್ಟರು. ಕುಣಿಗಲ್ ಕಡೆ ಹುತ್ರಿದುರ್ಗದಿಂದ ಅವರ ತಮ್ಮ ನೋಡಲು ಬಂದ. ಕೆಟ್ಟವನಲ್ಲ, ಅಕ್ಕನ ಕಾಲ ಬಳಿ ಕೂತು ಅತ್ತ. ಆದರೆ ಎದ್ದು ಹೋಗುವಾಗ ಹೇಳಿದ, “ಪುಟ್ಟನ್ನ ನಾನಿಟ್ಕೋತೀನಿ ಅಕ್ಕ. ನಮ್ಮನೇಲೂ ಐದು ಬಾಯಿ, ನಿಂಗೊತ್ತು. ಆ ಸರ್ಕಾರದ್ದು ಬಂದ್ರೆ ನನ್ ಹೆಂಡ್ತಿ ಬಾಯಿಗೆ ನಾನೊಂದು ಉತ್ತರ ಕೊಡಬಹುದು.”

ದೊಡ್ಡಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಮಾರನೆಯ ವಾರ ಮತ್ತೆ ತುಮಕೂರಿಗೆ ಹೊರಟೆವು. ಈಗ ಪುಟ್ಟನನ್ನು ಎತ್ತುವ ಶಕ್ತಿ ಅವರಿಗೆ ಇರಲಿಲ್ಲ. ನಮ್ಮ ಯಜಮಾನರು ಹೊತ್ತು ಬಸ್ಸಿಗೆ ಹತ್ತಿಸಿದರು, ಆಸ್ಪತ್ರೆಯಲ್ಲಿ ಇಳಿಸಿದರು. ಬೇರೆ ಡಾಕ್ಟರು. ಹಳೆಯ ಕಾಗದ ಓದಿ, “ಹೋದ ಸಲ ಎಲ್ಲಾ ಮಾಡ್ತಾನೆ ಅಂದಿದೀರಲ್ಲ?” ಅಂದರು.

“ಸುಳ್ಳು ಹೇಳಿದೆ ಸ್ವಾಮಿ.” ಅಂದು ದೊಡ್ಡಮ್ಮ ಮೇಜಿನ ಅಂಚು ಹಿಡಿದುಕೊಂಡರು. “ಇವನಿಗೆ ನಡೆಯೋಕಾಗಲ್ಲ. ಉಣ್ಣೋಕಾಗಲ್ಲ, ನಾನೇ ತಿನ್ನಿಸ್ಬೇಕು. ಒಂದಕ್ಕೆ ಎರಡಕ್ಕೆ ಹೋಗೋಕಾಗಲ್ಲ. ಗುಂಡಿ ಹಾಕ್ಕೊಳೋಕಾಗಲ್ಲ. ಒಂದು ಕಡ್ಡಿ ಎತ್ತಿಡೋಕಾಗಲ್ಲ. ಏನೂ ಆಗಲ್ಲ ಸ್ವಾಮಿ. ಮುಂದಕ್ಕೂ ಆಗಲ್ಲ.”

ಇಪ್ಪತ್ತು ವರ್ಷ ಗಂಟಲಲ್ಲಿ ತಡೆದಿದ್ದ ಮಾತು ಒಂದೇ ಸಲಕ್ಕೆ ಬಂತು. ಪುಟ್ಟ ಎದುರಿಗೇ ಇದ್ದ. ಅವನು ಎಂದಿನಂತೆ ನಮಸ್ಕಾರಕ್ಕೆ ಕೈ ಎತ್ತಿಟ್ಟುಕೊಂಡಿದ್ದ, ಡಾಕ್ಟರು ತನ್ನನ್ನೂ ಮಾತಾಡಿಸುತ್ತಾರೆ ಅಂತ. ಅಮ್ಮನ ಮುಖವನ್ನೇ ನೋಡಿದ. ಕೈ ಮೆಲ್ಲಗೆ ತೊಡೆಯ ಮೇಲೆ ಬಿತ್ತು.

ಈ ಸಲ ಡಾಕ್ಟರು ಬರೆದುಕೊಟ್ಟರು. ಪಿಂಚಣಿ ಮಂಜೂರಾಯಿತು.

ಮನೆಗೆ ಬಂದ ಮೇಲೆ ದೊಡ್ಡಮ್ಮ ಕಡ್ಡಿ ಕಂತೆ ಕೊಟ್ಟರೆ ಪುಟ್ಟ ಕೈ ಚಾಚಲಿಲ್ಲ. “ನಂಗಾಗಲ್ಲಮ್ಮ,” ಅಂದ. ಕೋಪವಿಲ್ಲ, ಹಟವಿಲ್ಲ. ಅಮ್ಮ ಹೇಳಿದ ಮೇಲೆ ಅದು ನಿಜವಲ್ಲವೇ ಅನ್ನುವಂತೆ. ಅವರು ಕುಟ್ಟಿ ತೋರಿಸಿದರು, ಹಾಡಿದರು, “ಯಜಮಾನ್ರೇ” ಅಂತ ಕಾಡಿದರು. “ನಂಗಾಗಲ್ಲ.” ಬಂದವರಿಗೆ ಕೈ ಮುಗಿಯುವುದನ್ನೂ ಬಿಟ್ಟ. ಆ ಬಾಯಿಂದ ಆ ಮಾತನ್ನು ಕಿತ್ತು ಹಾಕಲು ಅವರಿಗೆ ಸಮಯವೂ ಉಳಿದಿರಲಿಲ್ಲ.

ಕೊನೆಯ ದಿನಗಳಲ್ಲಿ ಗಂಜಿ ಕುಡಿಸಲು ಹೋದರೆ ನನ್ನ ಕೈ ಹಿಡಿದು ಒಂದೇ ಗೋಳು. “ಅನ್ಬೇಕಾಗಿತ್ತು, ಅಂದೆ. ಅನ್ನದೆ ಹೋಗಿದ್ರೆ ನನ್ ಕೂಸು ಬೀದಿಗೆ ಬೀಳ್ತಿತ್ತು. ಆದ್ರೆ ಅವನ ಕಿವೀಲಿ ಅನ್ಬಾರ್ದಾಗಿತ್ತು ಕಣೇ. ಯಾರಾದ್ರೂ ಅಷ್ಟೊತ್ತು ಅವನ್ನ ಆಚೆ ಕರ್ಕೊಂಡೋಗಿದ್ದಿದ್ರೆ...”

ದೊಡ್ಡಮ್ಮ ಹೋದರು. ಅವರ ತಮ್ಮ ಕೊಟ್ಟ ಮಾತು ಉಳಿಸಿಕೊಂಡ. ಒಂದು ಸಲ ಹುತ್ರಿದುರ್ಗಕ್ಕೆ ಹೋಗಿ ನೋಡಿಬಂದೆ. ಪುಟ್ಟ ಮೈ ತುಂಬಿಕೊಂಡಿದ್ದ, ಒಗೆದ ಬಟ್ಟೆ ಹಾಕಿದ್ದರು, ಗಡ್ಡ ತೆಗೆಸಿದ್ದರು. ಯಾವುದಕ್ಕೂ ಕೊರತೆಯಿಲ್ಲ. ನನ್ನನ್ನು ನೋಡಿ ಗುರುತು ಹಿಡಿದು ನಕ್ಕ. ಆ ತಮ್ಮನ ಸೊಸೆ ತುತ್ತು ಹಿಡಿದಾಗ ಬಾಯಿ ತೆರೆದ. ನಾನಿದ್ದಷ್ಟು ಹೊತ್ತೂ ಆ ಕೈ ತೊಡೆಯ ಮೇಲಿಂದ ಏಳಲಿಲ್ಲ. ಎರಡು ವರ್ಷದ ಮೇಲೆ ಫಿಟ್ಸಿನಲ್ಲೇ ಅವನೂ ಹೋದನಂತೆ.

ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಯಾಕೆ ಹೇಳಬೇಕು ಅನ್ನಿಸಿತು ಅಂದರೆ, ಕಳೆದ ವಾರ ನನ್ನ ಮೊಮ್ಮಗಳಿಗೆ ಅಂಗವಿಕಲರ ಕಾರ್ಡು ಬಂತು. ಅವಳಿಗೂ ಕೈಕಾಲು ಹಾಗೇ, ಮಾತೂ ಹಾಗೇ. ಈಗ ಮಗನ ಜೊತೆ ನಾನಿರುವ ಸದಾಶಿವನಗರದ ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಆ ಕಾರ್ಡಿನ ಅಕ್ಷರ ಅಕ್ಷರವನ್ನೂ ಕೂಡಿಸಿ ಓದಿದೆ. ಖುಷಿ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ನಿಜ. ತಿಂಗಳಿಗಿಷ್ಟು ಬರುತ್ತದೆ, ಬಸ್ಸಿಗೆ ಪಾಸು ಸಿಗುತ್ತದೆ, ಮಗು ನಾಳೆ ಯಾರ ಬಾಗಿಲಿಗೂ ಭಾರವಾಗುವುದಿಲ್ಲ.

ಅದಕ್ಕಾಗಿ ಆಸ್ಪತ್ರೆಗೆ ಹೋದ ದಿನ ಡಾಕ್ಟರು ಮಗುವನ್ನು ಮುಟ್ಟಿ ನೋಡಿ ಮುಗಿಸಿ, ಸೊಸೆಯ ಕಡೆ ತಿರುಗಿ, “ಇವಳಿಗೆ ಏನೇನು ಆಗಲ್ಲ, ಹೇಳಿಮ್ಮ” ಅಂದರು. ನಾನು ತಕ್ಷಣ ಎದ್ದೆ. “ಸ್ವಲ್ಪ ಇರಿ ಡಾಕ್ಟ್ರೇ” ಅಂದು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಗೆ ಬಂದು ಬಾಗಿಲು ಮುಚ್ಚಿದೆ.

“ಅಜ್ಜೀ, ಅಮ್ಮ ಒಳಗೆ ಏನ್ ಹೇಳ್ತಾಳೆ?” ಅಂತ ತೊದಲುತ್ತಾ ಕೇಳಿತು ಮಗು.

“ನಿನ್ನ ಸುದ್ದೀನೇ ಕಣೇ. ನಮ್ಮನೇಲಿ ಒಬ್ಳು ಗಟ್ಟಿಗಿತ್ತಿ ಇದಾಳೆ ಅಂತ.”

ಬಾಗಿಲಿನ ಹಿಂದೆ ಸೊಸೆ ಅಳುವುದು ಶುರುವಾಯಿತು. ಅದು ಮಗುವಿನ ಕಿವಿಗೆ ಬೀಳದ ಹಾಗೆ ನಾನು ಬಾಯಿಗೆ ಬಂದಿದ್ದನ್ನೆಲ್ಲ ಜೋರಾಗಿ ಮಾತಾಡುತ್ತಾ ಕೂತೆ.