ಮಾತು ಬಿಟ್ಟ ಮಾವ್ಶಿಯೊಡನೆ ಎನ್.ಆರ್. ಪುರಕ್ಕೆ

ಶನಿವಾರ ಬೆಳಿಗ್ಗೆ ಆರೂವರೆಗೆ ಕೊಪ್ಪದಿಂದ ಹೊರಟೆ. ಹೋಗಬೇಕಾದದ್ದು ನರಸಿಂಹರಾಜಪುರಕ್ಕೆ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಹತ್ತಿದ್ದು ಮಾತ್ರ ಬೇರೆಯೇ ದಿಕ್ಕಿನ ಶೃಂಗೇರಿ ಬಸ್ಸು. ಅಮ್ಮನ ತಂಗಿ ರೆಜಿನಾ ಮಾವ್ಶಿ ಇರುವುದು ಶೃಂಗೇರಿ ಹತ್ತಿರದ ಮೆಣಸೆಯಲ್ಲಿ. ನಾನೇ ಬಂದು ಕರೆದುಕೊಂಡು ಹೋಗಬೇಕೆಂದು ಅವರ ಅಪ್ಪಣೆಯಾಗಿತ್ತು. ಸೋಮವಾರ ಮಂಗಳೂರಿನಲ್ಲಿ ಅವರ ಗಂಟಲಿನ ಆಪರೇಶನ್. ಸ್ವರ ಉಳಿದರೂ ಉಳಿಯಬಹುದು, ಹೋದರೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಎನ್.ಆರ್. ಪುರದ ಇಗರ್ಜಿಗೆ, ಅಂದರೆ ಅಲ್ಲಿಯ ಚರ್ಚಿಗೆ, ಹೋಗಲೇಬೇಕಂತೆ.

ದೇವರು ಎಲ್ಲ ಕಡೆಯೂ ಇರುವಾಗ ಅಷ್ಟು ದೂರ ಯಾಕೆ ಎಂದು ಫೋನಿನಲ್ಲಿ ವಾದಿಸಿ ಸೋತಿದ್ದೆ. ನಾನು ರಿಟೈರಾದ ಮೇಷ್ಟ್ರು. ಇಪ್ಪತ್ತೆಂಟು ವರ್ಷ ಭಾನುವಾರದ ಧರ್ಮೋಪದೇಶ ತರಗತಿ ನಡೆಸಿದವನು. ನೋಹನ ನಾವೆ ಎಷ್ಟು ಮೊಳ ಉದ್ದ, ಕೆಂಪು ಸಮುದ್ರ ಇಬ್ಭಾಗವಾದದ್ದು ಹೇಗೆ, ಎಲ್ಲವೂ ಅಕ್ಷರಶಃ ನಡೆದದ್ದೇ ಎಂದು ಸಾಧಿಸಲು ಎರಡು ನೋಟ್‌ಬುಕ್ ತುಂಬ ಆಧಾರ ಬರೆದಿಟ್ಟಿದ್ದೇನೆ. ಮಾವ್ಶಿಗೆ ಇದರಲ್ಲಿ ಒಂದೂ ಬೇಡ.

ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಅವರು ಗಂಜಿ ಹಾಕಿದ ಸೀರೆಯುಟ್ಟು, ಆಧಾರ್ ಕಾರ್ಡ್ ಹಿಡಿದು ನಿಂತಿದ್ದರು. ಎರಡು ಪ್ರೈವೇಟ್ ಬಸ್ಸು ಖಾಲಿಯಾಗಿಯೇ ಹೋದವು. ಇವರು ಹತ್ತಲಿಲ್ಲ. ಹೆಂಗಸರಿಗೆ ಫ್ರೀ ಇರುವ ಸರ್ಕಾರಿ ಬಸ್ಸೇ ಆಗಬೇಕು. ಎರಡು ಬನ್ಸ್, ಎರಡು ಕಾಫಿ ಮುಗಿಸಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಕಾದೆವು. ನಮ್ಮ ಮನೆಮಾತು ಕೊಂಕಣಿ. ಆದರೆ ಮಾವ್ಶಿಗೆ ಸಿಟ್ಟು ಬಂದರೆ ಕನ್ನಡವೇ ಬರುವುದು, ಅವತ್ತು ಇಡೀ ದಿನ ಕನ್ನಡವೇ ಆಯಿತು.

ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದ, ಹರಿಹರಪುರಕ್ಕೆ ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸು ತಿರುಗಿ, "ಎಲ್ಲಿಗಮ್ಮ ಸವಾರಿ?" ಎಂದು ಕೇಳಿದಳು.

"ಒಬ್ಬರ ಹತ್ರ ಮಾತು ಬಿಟ್ಟಿದ್ದೆ. ರಾಜಿಗೆ ಹೊರಟಿದೀನಿ," ಎಂದರು ಮಾವ್ಶಿ.

"ದೊಡ್ಡೋರಾ, ಸಣ್ಣೋರಾ?"

"ದೊಡ್ಡೋರೇ."

"ಹಂಗಾರೆ ನೀವೇ ಮೊದ್ಲು ಮಾತಾಡ್ಬೇಕು."

"ಅದೆಂತಕ್ಕೆ? ತಪ್ಪು ಅವನದ್ದು."

"ಹಂಗಾರೆ ನಡುವೆ ಯಾರಾದ್ರೂ ಬೇಕು, ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಕ್ಕೆ. ಇದಾರಾ?"

ಮಾವ್ಶಿ ನನ್ನ ಕಡೆ ಬೆರಳು ತೋರಿಸಿದರು. "ಇವನಿದಾನಲ್ಲ. ಮೇಷ್ಟ್ರು."

ನನ್ನನ್ನು ಯಾಕೆ ಕರೆಸಿದರೆಂದು ಆಗ ತಿಳಿಯಿತು. ಮೂರು ವರ್ಷದ ಹಿಂದೆ ಚಿಕ್ಕಪ್ಪ ಹಾಸಿಗೆ ಹಿಡಿದಾಗ ಮಾವ್ಶಿ, ತಮ್ಮ ಮದುವೆಯಾದ ಆ ಇಗರ್ಜಿಗೇ ಹೋಗಿ, ಕ್ರಿಸ್ಮಸ್ ಮುಗಿಯುವವರೆಗೆ ಗಂಡನನ್ನು ಉಳಿಸಿಕೊಡು ಎಂದು ಯೇಸುವನ್ನು ಕೇಳಿದ್ದರಂತೆ. ಹತ್ತೇ ಹತ್ತು ದಿನ. ಚಿಕ್ಕಪ್ಪ ನಾಲ್ಕನೆಯ ದಿನ ತೀರಿಕೊಂಡರು. ಅವತ್ತಿನಿಂದ ಮಾತು ಬಂದ್.

"ಮತ್ತೆ ಯೇಸುವಿನ ಪಟದ ಮುಂದೆ ದಿನಾ ದೀಪ ಹಚ್ತೀರಲ್ಲ?" ಎಂದೆ.

"ಮಾತು ಬಿಟ್ರೆ ಊಟ ಬಡಿಸದೆ ಇರ್ತೀವಾ? ಹಂಗೇ ಅದು."

ಹರಿಹರಪುರದಲ್ಲಿ ಆ ಹೆಂಗಸು ಇಳಿದಳು. ಅವಳ ಜೊತೆಗೆ ನನ್ನ ತಾಳ್ಮೆಯೂ ಇಳಿಯಿತು. ದೇವರೆಂದರೆ ಪಕ್ಕದ ಮನೆಯವನಲ್ಲ, ಹೀಗೆಲ್ಲ ಆಡುವುದು ಅಜ್ಞಾನ ಎಂದು ಕೊಪ್ಪದವರೆಗೂ ಪಾಠ ಮಾಡಿದೆ. ಮಾವ್ಶಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎನ್ನುತ್ತಾರಲ್ಲ, ಅದು.

ಕೊಪ್ಪದಲ್ಲಿ ಬಸ್ಸು ಬದಲಿಸಿ ಎನ್.ಆರ್. ಪುರ ಮುಟ್ಟಿದಾಗ ಹನ್ನೆರಡೂವರೆ. ಆಟೋದವನು ಐವತ್ತು ಕೇಳಿದ, ಕೊಟ್ಟೆ. ಇಗರ್ಜಿಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮಾವ್ಶಿ ಕೊನೆಯ ಬೆಂಚಿನಲ್ಲಿ ಮುಖ ಗೋಡೆಗೆ ತಿರುಗಿಸಿ ಕುಳಿತರು.

"ಹೋಗಿ ಹೇಳು, ರೆಜಿನಾ ಬಂದಿದಾಳೆ ಅಂತ."

ಜಗಳವಾಡಿ ಪ್ರಯೋಜನವಿರಲಿಲ್ಲ. ಪೀಠದ ಮುಂದೆ ಮೊಣಕಾಲೂರಿ, ಅಭ್ಯಾಸವಾಗಿದ್ದ ಪ್ರಾರ್ಥನೆ ಶುರುಮಾಡಿದೆ.

"ಅದು ಬೇಡ ಮಾರಾಯ," ಹಿಂದಿನಿಂದ ಸ್ವರ ಬಂತು. "ಅದು ಅವನಿಗೆ ಬಾಯಿಪಾಠ. ನನ್ನ ವಿಷ್ಯ ಹೇಳು."

ಬಾಯಿ ತೆರೆದೆ. ಶಿಲುಬೆಯ ಮೇಲಿನ ಮುಖ ನೋಡಿದೆ. ಆ ಮುಖದ ಬಗ್ಗೆ ಇಪ್ಪತ್ತೆಂಟು ವರ್ಷ ಮಾತಾಡಿದವನಿಗೆ, ಅದರ ಹತ್ತಿರ ಆಡಲು ಒಂದು ವಾಕ್ಯವೂ ಸಿಗಲಿಲ್ಲ.

ಮಾವ್ಶಿಗೆ ಕಾದು ಸಾಕಾಯಿತು. ದಡದಡನೆ ಬಂದು, "ಏಳು, ನಿನ್ನಿಂದ ಆಗೋದಲ್ಲ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಶಿಲುಬೆಗೆ ಹೇಳಿದರು: "ನೋಡು, ನೀನು ಮಾಡಿದ್ದು ಸರಿಯಲ್ಲ. ನಾನು ಸೋತು ಬಂದೆ ಅಂತ ತಿಳ್ಕೋಬೇಡ. ಸೋಮವಾರ ಗಂಟಲು ಕೊಯ್ತಾರೆ. ಆಮೇಲೆ ಬೈಯೋಣ ಅಂದ್ರೆ ಸ್ವರ ಇರ್ತದೋ ಇಲ್ವೋ."

ಅಷ್ಟು ಹೇಳಿ ಅಳತೊಡಗಿದರು. ನಾನು ಹೊರಗೆ ಬಂದೆ. ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕುಳಿತೆ. ಒಳಗಿನಿಂದ ಬೈಗುಳ, ಆಮೇಲೆ ಊರಿನ ಸುದ್ದಿ, ಮಧ್ಯೆ ಒಮ್ಮೆ ನಗು ಕೇಳಿಸಿತು. ನನಗೆ ಹೊಟ್ಟೆಕಿಚ್ಚಾಯಿತು.

ಊಟ ಮಾಡಿ ಮೂರು ಗಂಟೆಯ ಬಸ್ಸು ಹಿಡಿದೆವು. ಸರ್ಕಾರಿಯೋ ಪ್ರೈವೇಟೋ ಎಂದು ಮಾವ್ಶಿ ಕೇಳಲೂ ಇಲ್ಲ.

"ಏನಂದ?" ಎಂದೆ. ಸ್ವಲ್ಪ ವ್ಯಂಗ್ಯವಾಗಿಯೇ.

"ಎಂತದೂ ಇಲ್ಲ. ಬೈಸಿಕೊಂಡ."

"ಆಪರೇಶನ್ ಸರಿಯಾಗ್ಲಿ ಅಂತ ಕೇಳಿದ್ರಾ?"

"ಅದು ಡಾಕ್ಟ್ರ ಹತ್ರ ಕೇಳೋದು." ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. "ನಿಂಗೂ ಅವನಿಗೂ ಹೆಂಗೆ?"

"ನಮ್ಮೊಳಗೆ ಯಾವತ್ತೂ ಜಗಳವೇ ಆಗಿಲ್ಲ, ಮಾವ್ಶಿ."

"ಜಗಳ ಆಡಕ್ಕೆ ಪರಿಚಯ ಬೇಕಲ್ಲ ಮಾರಾಯ," ಎಂದು ಅವರು ಕಣ್ಣು ಮುಚ್ಚಿದರು.

ಸಿಟ್ಟು ನೆತ್ತಿಗೇರಿತು. ಉತ್ತರ ಹುಡುಕಿದೆ, ಎರಡು ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಬಸ್ಸು ಊರು ದಾಟುವಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಇಗರ್ಜಿ ಕಾಣಿಸಲಿಲ್ಲ, ಯಾವ ಕಡೆ ಇದೆಯೆಂದು ಮಾತ್ರ ಅಂದಾಜಿತ್ತು. ಆ ಕಡೆಗೆ ತಿರುಗಿ, ಮಾವ್ಶಿಗೆ ಕೇಳಿಸದಷ್ಟು ಮೆಲ್ಲಗೆ, "ನಾನು ವಿನ್ಸೆಂಟ್, ಕೊಪ್ಪದವನು," ಎಂದೆ.