ಸೀಲು ಬಿದ್ದ ಅರ್ಜಿ

ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಜನರ ಅರ್ಜಿಗಳ ಮೇಲೆ ಸ್ವೀಕೃತಿಯ ಸೀಲು ಒತ್ತಿದವನು ನಾನು. ಆ ಸೀಲಿನ ಅರ್ಥ ಕಾಗದ ಬಂದಿದೆ ಎಂದಷ್ಟೇ, ಕೆಲಸ ಆಯಿತು ಎಂದಲ್ಲ. ಕೌಂಟರಿನ ಆಚೆ ನಿಂತು ಗೋಗರೆದವರಿಗೆ ಅದನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ. ಮಗಳ ವಿಷಯ ಬಂದಾಗ ಮಾತ್ರ ಈ ಮಹಾ ಬುದ್ಧಿವಂತನ ಬುದ್ಧಿಗೆ ಮಂಕು ಕವಿಯಿತು.

ನನಗೆ ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಅವಳು ಅಲ್ಲಿನ ಒಂದು ಶಾಲೆಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗಳ ಜೊತೆಗೆ ಕಾಲೇಜು ಮಟ್ಟದ ಕೆಮಿಸ್ಟ್ರಿ ಕೋರ್ಸನ್ನೂ ತೆಗೆದುಕೊಂಡಳು. ಎರಡು ವರ್ಷ ಭಾನುವಾರ ಎಂಬುದನ್ನೇ ಕಾಣಲಿಲ್ಲ. ಒಳ್ಳೆಯ ದರ್ಜೆಯಲ್ಲೇ ಪಾಸಾದಳು. ವಿಜಯವಾಡದ ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ನೋಡಿದರೆ, ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿ ಪೂರ್ತಿ ಅವಳು ಓದಿ ಮುಗಿಸಿದ್ದೇ. ಕಲಿತದ್ದಕ್ಕೆ ಕ್ರೆಡಿಟ್ ಕೊಟ್ಟು ಆ ವಿಷಯದಿಂದ ವಿನಾಯಿತಿ ಕೊಡಬೇಕೆಂದು ನಾನೇ ಅರ್ಜಿ ಬರೆದೆ. ಎಲ್ಲಿಗೆ ವರ್ಗವಾದರೂ ನನ್ನ ಸೇವಾವಧಿ ನನ್ನ ಜೊತೆಗೇ ಬರುತ್ತದೆ, ಅವಳ ಓದು ಯಾಕೆ ಬರಬಾರದು? ಆ ವಾದ ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಕಾಲೇಜಿನ ಆಫೀಸಿನಲ್ಲಿ ಸೀಲು ಹಾಕಿ ಒಂದು ಪ್ರತಿ ಕೊಟ್ಟರು.

“ಅಪ್ಪಾ, ಆರ್ಡರ್ ಬರೋವರ್ಗೂ ಕ್ಲಾಸಿಗೆ ಹೋಗ್ತಿರ್ಲಾ?” ಎಂದಳು.

“ಗೊತ್ತಿರೋದನ್ನೇ ಕೇಳ್ಕೊಂಡು ಯಾಕಮ್ಮ ಕೂತ್ಕೋತೀಯ? ಸೀಲ್ ಬಿದ್ದಿದೆ, ಆಗತ್ತೆ. ಆ ಹೊತ್ತಲ್ಲಿ ಲೈಬ್ರರೀಲಿ ಮುಂದಿನ ವರ್ಷದ್ದು ಓದ್ಕೋ.”

ಹೇಳಿದ ಮಾತು ಕೇಳುವ ಹುಡುಗಿ. ಕೇಳಿದಳು.

ಮೂರು ತಿಂಗಳ ಬಳಿಕ ಫೋನಿನಲ್ಲಿ ಅವಳ ದನಿಯೇ ಉಡುಗಿಹೋಗಿತ್ತು. ಕೆಮಿಸ್ಟ್ರಿಯಲ್ಲಿ ಹಾಜರಾತಿ ಸಾಲದು, ಪರೀಕ್ಷೆಗೆ ಕೂರುವಂತಿಲ್ಲ. ಒಂದು ವಿಷಯದಲ್ಲಿ ಹಾಜರಾತಿ ತಪ್ಪಿದರೂ ಅಲ್ಲಿನ ನಿಯಮದಂತೆ ಇಡೀ ಸೆಮಿಸ್ಟರನ್ನು ಮುಂದಿನ ವರ್ಷ ಜೂನಿಯರುಗಳ ಜೊತೆ ಮತ್ತೆ ಓದಬೇಕು. ಬೆಳಗಿನ ರೈಲು ಹತ್ತಿದೆ. ಸಿಂಹಾಚಲಂ ದಾಟುವಾಗ ಕೈಮುಗಿಯಲೂ ನೆನಪಾಗಲಿಲ್ಲ, ಮೊಬೈಲಿನಲ್ಲಿ ಕಾಲೇಜಿನ ನಿಯಮಾವಳಿ ಓದುತ್ತಿದ್ದೆ. ಯಾವ ಪುಟದಲ್ಲೂ ನನ್ನ ಮಗಳಂಥವರಿಗೆ ಜಾಗವಿರಲಿಲ್ಲ.

ಗುಮಾಸ್ತರು ನನ್ನ ಪ್ರತಿಯನ್ನು ತಿರುಗಿಸಿ ನೋಡಿ, “ಸೀಲ್ ಉಂದಿ ಸಾರ್, ಆರ್ಡರ್ ಲೇದು” ಎಂದರು. ಸೀಲಿದೆ, ಆದೇಶವಿಲ್ಲ. ಒರಟಾಗಿ ಹೇಳಲಿಲ್ಲ, ನಾನು ನನ್ನ ಕೌಂಟರಿನಲ್ಲಿ ಹೇಳುವಷ್ಟೇ ಮೆತ್ತಗೆ ಹೇಳಿದರು. ವಿಭಾಗದ ಮುಖ್ಯಸ್ಥೆ ಮಗಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಿದರು. ಒಂದಕ್ಕೂ ಅವಳು ತಡವರಿಸಲಿಲ್ಲ. ಹುಡುಗಿಗೆ ಬರುತ್ತದೆ, ನನಗೆ ಅನುಮಾನವೇ ಇಲ್ಲ, ಆದರೆ ಶಾಲೆಯಲ್ಲಿ ಓದಿದ್ದಕ್ಕೆ ಕ್ರೆಡಿಟ್ ಕೊಡುವ ನಿಯಮ ನಮ್ಮಲ್ಲಿಲ್ಲ ಎಂದು ತೆಲುಗಿನಲ್ಲಿ ಹೇಳಿ ಕಣ್ಣು ತಪ್ಪಿಸಿದರು. ಅವರ ಕಾಲು ಹಿಡಿಯುವುದೊಂದು ಬಾಕಿಯಿತ್ತು. ತಪ್ಪು ನನ್ನದು, ಅವಳನ್ನು ಬಿಟ್ಟುಬಿಡಿ ಎಂದು ಅಂಗಲಾಚಿದೆ. ಮಗಳು ನನ್ನ ಅಂಗಿಯ ತೋಳು ಜಗ್ಗಿ, “ಸಾಕು ಬಾಪ್ಪಾ” ಎಂದಳು.

ಕೆಮಿಸ್ಟ್ರಿ ಪರೀಕ್ಷೆಯ ದಿನ ಮತ್ತೆ ಹೋದೆ. ಪ್ರಿನ್ಸಿಪಾಲರು ಕೊನೇ ಗಳಿಗೆಯಲ್ಲಾದರೂ ಮನಸ್ಸು ಬದಲಿಸಬಹುದೆಂಬ ಹುಚ್ಚು ಆಸೆ. ಅವರು ಬಾಗಿಲಲ್ಲೇ ಆಗದೆಂದು ತಲೆಯಾಡಿಸಿದರು. ಅಲ್ಲಿಂದ ಕಾರಿಡಾರಿಗೆ ಬಂದರೆ ಐದಾರು ಸಹಪಾಠಿಗಳು ನನ್ನ ಮಗಳನ್ನು ಮುತ್ತಿಕೊಂಡಿದ್ದರು. ಅವಳು ನೋಟ್‌ಬುಕ್ಕನ್ನು ಗೋಡೆಗೆ ಆನಿಸಿ, ತೆಲುಗಿನಲ್ಲಿ ವಿವರಿಸುತ್ತ, ಸರಸರನೆ ಲೆಕ್ಕ ಬಿಡಿಸಿ ತೋರಿಸುತ್ತಿದ್ದಳು. ಗಂಟೆ ಹೊಡೆಯಿತು. ಎಲ್ಲರೂ ಥ್ಯಾಂಕ್ಸ್ ಎನ್ನುತ್ತ ಒಳಗೆ ಓಡಿದರು. ಒಬ್ಬಳು ಪೆನ್ನು ಮರೆತು ಬಂದಿದ್ದಳು, ನನ್ನ ಮಗಳು ತನ್ನದನ್ನೇ ಕೊಟ್ಟು ಕಳಿಸಿದಳು. ಬಾಗಿಲು ಮುಚ್ಚುವವರೆಗೂ ಆ ಕಡೆಯೇ ನೋಡುತ್ತ ನಿಂತಳು. ನನ್ನ ಕಡೆ ನೋಡಲಿಲ್ಲ.