ಅಪ್ಪ ನಕ್ಕಿದ್ದು ಬಾಗಿಲಿಗೆ

ಕ್ಷಮಿಸಿ, ನನ್ನ ಕನ್ನಡದಲ್ಲಿ ಇಂಗ್ಲಿಷ್ ಬೆರೆತಿರುತ್ತದೆ, ಆದರೂ ಇಲ್ಲಿ ಕಾಮೆಂಟ್ ಬರೆಯುತ್ತಿದ್ದೇನೆ. ಇಂದು ಕಾಲೇಜು ಹಾಸ್ಟೆಲಿನಲ್ಲಿ ಈ ಹಳೆಯ ಹುಚ್ಚಾಟದ ಕಾಮಿಡಿ ಸಿನಿಮಾದ ವಿಡಿಯೋ ಕೆಳಗಿನ ಕಾಮೆಂಟುಗಳನ್ನು ಓದಿದೆ. ಬಟಾಬಯಲಿನಲ್ಲಿ ಬರೀ ಬಾಗಿಲೊಂದನ್ನು ನಿಲ್ಲಿಸಿ, ತಟ್ಟಿ ಕಾಯುವ ಹೀರೋನನ್ನೇ ಎಲ್ಲರೂ ಹೊಗಳಿದ್ದಾರೆ.

ರಜೆಗೆ ಇಬ್ರಾಹಿಂಪುರದ ಮನೆಗೆ ಬಂದಾಗೆಲ್ಲ ಈ ಸಿನಿಮಾವನ್ನು ಟಿವಿಯಲ್ಲಿ ನೋಡುತ್ತಿದ್ದೆವು. ಬಡಿಗನಾಗಿದ್ದ ಅಪ್ಪ ನಗುತ್ತಿದ್ದುದು ಹೀರೋಗಲ್ಲ, ಬಾಗಿಲಿಗೆ.

"ಚಿಲಕ, ಬಿಜಾಗರಿ ಎರಡೂ ಒಂದ ಕಡೆ ಬಡದಾರ! ಹೆಂಗ ತೆರೀಬೇಕವಾ ಇದು?"

ನಕ್ಕಾಗ ಅಂಗಿಯಿಂದ ಕಟ್ಟಿಗೆಯ ಹೊಟ್ಟು ಉದುರುತ್ತಿತ್ತು.

"ಸಾವಕಾಶ ನಗು ಯಪ್ಪಾ, ನನ್ನ ಹಾಸ್ಟೆಲ್ ಗೆಳತಿ ಬಂದಾಳ," ಎಂದೆ ಒಮ್ಮೆ.

"ಆತು ಬಿಡವಾ," ಎಂದ ಅಪ್ಪ, ಅಂದಿನಿಂದ ಬಾಯಿಗೆ ಟವೆಲ್ ಒತ್ತಿಕೊಂಡೇ ನಗುತ್ತಿದ್ದ.

ಅಪ್ಪ ಈಗಿಲ್ಲ. ಆ ದೃಶ್ಯ ನೋಡಲು ನನ್ನಿಂದಾಗುತ್ತಿಲ್ಲ. ಬಾಗಿಲಿನ ಬಿಜಾಗರಿ, ಅಂದರೆ ಕೀಲು, ನಿಜವಾಗಿ ಚಿಲಕದ ಕಡೆಗೇ ಇದೆಯಾ? ಯಾರಾದರೂ ನೋಡಿ ಬೇಗ ಉತ್ತರಿಸಿ.